ಫೆಟ್ಲಿಂಗ್ ಶೆಡ್ಡಿನ ಸದ್ದು: ಕೆಲಸಗಾರರ ಕಿವಿ ಉಳಿಸುವುದು ಹೇಗೆ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಫೆಟ್ಲಿಂಗ್ ವಿಭಾಗದ ಸೂಪರ್‌ವೈಸರ್. ಎರಕ ತಣಿದ ಮೇಲೆ ಮರಳು ಉದುರಿಸುವುದು, ರನ್ನರ್ ಮತ್ತು ರೈಸರ್ (ಅಚ್ಚಿಗೆ ಲೋಹ ಹೋದ ದಾರಿಯಲ್ಲಿ ಉಳಿದ ತುಂಡುಗಳು) ಒಡೆಯುವುದು, ಉಳಿದ ಅಂಚುಗಳನ್ನು ಗ್ರೈಂಡರ್ ಹಚ್ಚಿ ತೆಗೆಯುವುದು ನಮ್ಮ ಕೆಲಸ. ಫೌಂಡ್ರಿಯಲ್ಲಿ ಜಾಸ್ತಿ ಸದ್ದು ಇರುವ ಜಾಗಗಳಲ್ಲಿ ಇದು ಮೊದಲನೇದು. ಮನೆ ವಡಗಾವಿಯಲ್ಲಿ. ಅಲ್ಲಿ ಓಣಿ ತುಂಬ ಪವರ್‌ಲೂಮ್. ಎರಡೂ ಕಡೆ ಕಿವಿ ಮಂದವಾದ ಮಂದಿಯನ್ನು ದಿನಾ ನೋಡುತ್ತೇನೆ. ಅವರಲ್ಲಿ ಹೆಚ್ಚಿನವರಿಗೆ ಹೀಗಾಗಬೇಕಿರಲಿಲ್ಲ. ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಸಣ್ಣ ಶೆಡ್ಡುಗಳ ಮಾಲಕರು, ಸೂಪರ್‌ವೈಸರ್‌ಗಳು, ಕೆಲಸಗಾರರು ತಾವೇ ಮಾಡಬಹುದಾದದ್ದನ್ನು ಇಲ್ಲಿ ಬರೆದಿದ್ದೇನೆ. ಮಗ್ಗದ ಮನೆಯವರಿಗೂ ಇದರಲ್ಲಿ ಒಂದಿಷ್ಟು ಇದೆ.

ಕಿವಿ ಹೋಗುವುದು ಹೇಗೆ ಗೊತ್ತಾಗುತ್ತದೆ

ಕಿವಿ ಹೋಗುವಾಗ ನೋಯುವುದಿಲ್ಲ. ರಕ್ತ ಬರುವುದಿಲ್ಲ. ಕೈ ಸುಟ್ಟರೆ ಆಸ್ಪತ್ರೆಗೆ ಓಡುವ ಮನುಷ್ಯ ಕಿವಿಯ ವಿಷಯದಲ್ಲಿ ವರ್ಷಗಟ್ಟಲೆ ಸುಮ್ನೆ ಇರುತ್ತಾನೆ. ಒಳಕಿವಿಯಲ್ಲಿ ಶಂಖದಾಕಾರದ ಒಂದು ಸಣ್ಣ ಭಾಗವಿದೆ. ಅದರೊಳಗೆ ಸುಮಾರು 15 ಸಾವಿರ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ಸದ್ದನ್ನು ಹಿಡಿದು ಮೆದುಳಿಗೆ ಮುಟ್ಟಿಸುವುದು ಅವೇ. ಜೋಳದ ಪೈರನ್ನು ಒಮ್ಮೆ ತುಳಿದರೆ ಮತ್ತೆ ಏಳುತ್ತದೆ, ದಿನಾ ತುಳಿದರೆ ಮಲಗಿಬಿಡುತ್ತದೆ. ಈ ಕೋಶಗಳ ಕಥೆಯೂ ಹಾಗೇ. ಆದರೆ ಮನುಷ್ಯರಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಅದನ್ನು ವಾಪಸ್ ತರುವ ಗುಳಿಗೆ, ಆಪರೇಷನ್ ಯಾವುದೂ ಇಲ್ಲ.

ಮೊದಲು ಹೋಗುವುದು 4000 ಹರ್ಟ್ಜ್ ಆಸುಪಾಸಿನ ಕೀರಲು ಸದ್ದು. ನಮ್ಮ ಮಾತಿನಲ್ಲಿ ಸ, ಶ, ಚ, ತ, ಕ ಇಂಥ ಅಕ್ಷರಗಳ ಚುರುಕು ಈ ಎತ್ತರದ ಸದ್ದಿನಲ್ಲೇ ಇರುತ್ತದೆ. ಅ, ಆ, ಉ, ಓ ಎಲ್ಲ ಕೆಳಗಿನ ಸದ್ದು, ಅವು ಚೆನ್ನಾಗಿಯೇ ಕೇಳುತ್ತವೆ. ಹಾಗಾಗಿ 'ತಾಸು', 'ಕಾಸು', 'ಪಾಸು' ಮೂರೂ ಒಂದೇ ತರ ಕಿವಿಗೆ ಬೀಳುತ್ತವೆ. "ಕೇಳ್ತದರೀ, ಏನಂದ್ರಿ ಅನ್ನೋದಷ್ಟ ತಿಳಿಯಂಗಿಲ್ಲ" ಎಂದು ಯಾರಾದರೂ ಅಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸದ್ದಿನಿಂದ ಕಿವಿ ಕೆಡಲು ಶುರುವಾದವರು ಹೇಳುವ ಮಾತೇ ಅದು.

ಶೆಡ್ಡಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಮನೆಯಲ್ಲಿ ಗೊತ್ತಾಗುತ್ತದೆ. ಟಿವಿ ಸದ್ದು ಏರುತ್ತಾ ಹೋಗುತ್ತದೆ. ಮಕ್ಕಳ ತೆಳು ದನಿ ತಪ್ಪಿಹೋಗುತ್ತದೆ. ಮದುವೆ ಮನೆಯ ಗದ್ದಲದಲ್ಲಿ ಪಕ್ಕದವರ ಮಾತು ಹಿಡಿಯಲು ಆಗುವುದಿಲ್ಲ. ಪಾಳಿ ಮುಗಿಸಿ ಹೊರಗೆ ಬಂದಾಗ ಕಿವಿ ಗುಂಯ್ ಅನ್ನುತ್ತಿದ್ದರೆ, ಹತ್ತಿ ತುರುಕಿದ ಹಾಗೆ ಅನ್ನಿಸುತ್ತಿದ್ದರೆ, ಆ ದಿನದ ಸದ್ದು ಅತಿಯಾಗಿತ್ತು ಎಂದು ಲೆಕ್ಕ. ಬೆಳಗಾಗುವುದರೊಳಗೆ ಅದು ಸರಿಹೋಗಬಹುದು. ಆದರೆ ಮರುದಿನ ಮತ್ತೆ ಅದೇ ಸದ್ದಿನಲ್ಲಿ ನಿಂತರೆ, ಒಂದು ದಿನ ಸರಿಹೋಗದೆ ಹಾಗೇ ಉಳಿಯುತ್ತದೆ.

ಮೊದಲು ಅಳೆಯಿರಿ

ದುಡ್ಡು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಮಷಿನ್ ಓಡುವಾಗ ಇಬ್ಬರು ಮೂರು ಅಡಿ ದೂರದಲ್ಲಿ ನಿಂತು ಮಾತಾಡಿ. ಮಾತು ತಿಳಿಯಲು ದನಿ ಏರಿಸಬೇಕಾಯಿತು ಅಂದರೆ ಅಲ್ಲಿ 85 ಡೆಸಿಬಲ್ (ಸದ್ದಿನ ಅಳತೆ) ಆಸುಪಾಸು ಇದೆ ಎಂದು ತಿಳಿಯಿರಿ. ಕಿವಿಯ ಹತ್ತಿರ ಬಾಯಿ ತಂದು ಕೂಗಬೇಕಾದರೆ ಇನ್ನೂ ಬಹಳ ಜಾಸ್ತಿ ಇದೆ.

ಆಮೇಲೆ ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಸರ್ಕಾರಿ ಕಾಗದಕ್ಕೆ ಅದು ನಡೆಯುವುದಿಲ್ಲ, ಸರಿಯಾದ ಮೀಟರ್ ತಂದು ಪರಿಣತರಿಂದಲೇ ಅಳೆಸಬೇಕು. ಆದರೆ ಯಾವ ಜಾಗ ಕೆಟ್ಟದು, ಯಾವುದು ಪರವಾಗಿಲ್ಲ ಎಂದು ತಿಳಿಯಲು ಸಾಕು. ಆ್ಯಪಿನಲ್ಲಿ 'ಎ' ಅಳತೆ (dBA, ಮನುಷ್ಯರ ಕಿವಿಗೆ ಹೊಂದಿಸಿದ್ದು) ಆರಿಸಿ. ಮೊಬೈಲನ್ನು ಮಷಿನ್‌ಗೆ ಅಂಟಿಸಿ ಹಿಡಿಯಬೇಡಿ. ಕೆಲಸ ಮಾಡುವವನ ಕಿವಿಯ ಮಟ್ಟದಲ್ಲಿ, ಫ್ಯಾನಿನ ಗಾಳಿ ಮೈಕಿಗೆ ಹೊಡೆಯದ ಹಾಗೆ ಹಿಡಿಯಿರಿ. ಒಂದು ಕಾಸ್ಟಿಂಗ್ (ಎರಕದ ತುಂಡು) ಕೆಲಸ ಶುರುವಿನಿಂದ ಮುಗಿಯುವವರೆಗೆ ನೋಡಿ. ಎಲ್ಲಿ 85 ದಾಟುತ್ತದೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ನಮ್ಮಲ್ಲಿ ಆಮೇಲೆ ಅದೇ ಗೆರೆಗೆ ಕೆಂಪು ಬಣ್ಣ ಹೊಡೆದೆವು. ಗೆರೆಯ ಒಳಗೆ ಯಾರೇ ಬರಲಿ, ಮಾಲಕರೇ ಬರಲಿ, ಕಿವಿಗೆ ಪ್ಲಗ್ ಇರಬೇಕು.

ಡೆಸಿಬಲ್ ಲೆಕ್ಕ ನಮ್ಮ ಕೂಡಿಸುವ ಲೆಕ್ಕದ ಹಾಗಲ್ಲ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು. 10 ಏರಿದರೆ ಹತ್ತು ಪಟ್ಟು. 90ರ ಎರಡು ಗ್ರೈಂಡರ್ ಒಟ್ಟಿಗೆ ಓಡಿದರೆ 180 ಆಗುವುದಿಲ್ಲ, 93 ಆಗುತ್ತದೆ. ಇದರಿಂದ ಕೆಲಸಕ್ಕೆ ಬರುವ ಪಾಠ ಒಂದಿದೆ. ಶೆಡ್ಡಿನಲ್ಲಿ 100ರ ಗ್ರೈಂಡರ್ ಮತ್ತು 90ರ ಫ್ಯಾನ್ ಎರಡೂ ಇದ್ದರೆ, ಫ್ಯಾನ್ ರಿಪೇರಿಗೆ ದುಡ್ಡು ಹಾಕಿ ಫಲವಿಲ್ಲ. ಎಲ್ಲಕ್ಕಿಂತ ದೊಡ್ಡ ಸದ್ದಿಗೆ ಮೊದಲು ಕೈ ಹಾಕಿ.

ಸರ್ಕಾರದ ಕಾರ್ಖಾನೆ ನಿಯಮದ ಪ್ರಕಾರ ಎಂಟು ತಾಸಿಗೆ 90 ಡೆಸಿಬಲ್ ಮಿತಿ. 95 ಇದ್ದರೆ ನಾಲ್ಕು ತಾಸು, 100 ಇದ್ದರೆ ಎರಡು ತಾಸು. 115ರ ಮೇಲೆ ಬರಿ ಕಿವಿಯಲ್ಲಿ ನಿಲ್ಲುವಂತೆಯೇ ಇಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ನಿಯೋಶ್ ಹೇಳುವುದು ಇದಕ್ಕಿಂತ ಬಿಗಿ: ಎಂಟು ತಾಸಿಗೆ 85, ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. ಆ ಲೆಕ್ಕದಲ್ಲಿ 100 ಡೆಸಿಬಲ್‌ನಲ್ಲಿ ಬರಿ ಕಿವಿಗೆ ಸಿಗುವುದು ಬರೀ 15 ನಿಮಿಷ. ನಾನು ನಡೆಸುವುದು ಈ ಬಿಗಿ ಲೆಕ್ಕವನ್ನೇ. ಓವರ್‌ಟೈಮ್ ಸೇರಿ ಹನ್ನೆರಡು ತಾಸು ದುಡಿಯುವ ಹುಡುಗರಿಗೆ 85 ಕೂಡ ಜಾಸ್ತಿಯೇ. ಅವರ ಮಿತಿ 83ಕ್ಕೆ ಇಳಿಯುತ್ತದೆ.

ಸದ್ದು ಹುಟ್ಟುವಲ್ಲೇ ಹಿಡಿಯಿರಿ

ಇಯರ್‌ಪ್ಲಗ್ ಡಬ್ಬಿ ತಂದಿಟ್ಟು ಕೈ ತೊಳೆದುಕೊಳ್ಳುವವರೇ ಜಾಸ್ತಿ. ನನ್ನ ಅನುಭವದಲ್ಲಿ ಸಣ್ಣ ಶೆಡ್ಡಿನ ಸದ್ದಿನಲ್ಲಿ ದೊಡ್ಡ ಪಾಲು ಕೆಲಸಕ್ಕೆ ಬೇಕಾದ ಸದ್ದೇ ಅಲ್ಲ. ಸೋರುವ ಗಾಳಿ, ಸಡಿಲವಾದ ಬೋಲ್ಟ್, ಸವೆದ ಬೇರಿಂಗ್, ಗಂಟೆ ಬಾರಿಸಿದಂತೆ ಮೊಳಗುವ ಕಬ್ಬಿಣ. ಇವನ್ನು ವಾರದ ರಜೆ ದಿನ ಒಬ್ಬ ಫಿಟರ್, ಒಂದು ಪಾನಾ (ಸ್ಪ್ಯಾನರ್), ಒಂದಿಷ್ಟು ರಬ್ಬರ್ ಇದ್ದರೆ ಸರಿಮಾಡಬಹುದು.

ಏರ್ ಲೈನಿನಿಂದ ಶುರು ಮಾಡಿ. ಊಟದ ಬಿಡುವಿನಲ್ಲಿ ಎಲ್ಲ ಮಷಿನ್ ನಿಂತಾಗ ಲೈನಿನಲ್ಲಿ ಗಾಳಿ ಹಾಗೇ ಇಟ್ಟು ಶೆಡ್ಡಿನ ಸುತ್ತ ನಡೆಯಿರಿ. ಸುಯ್ ಅನ್ನುವ ಕಡೆಯೆಲ್ಲ ಸಾಬೂನು ನೀರು ಹಚ್ಚಿ. ನೊರೆ ಏಳುವಲ್ಲಿ ಸೋರಿಕೆ. ಜಾಯಿಂಟು, ಹೋಸ್ ಕ್ಲಿಪ್, ಕಪ್ಲಿಂಗ್ ಇವೇ ಸಾಮಾನ್ಯವಾಗಿ ಸಿಕ್ಕಿಬೀಳುವುದು. ಮಾಲಕರಿಗೆ ಇದನ್ನು ಕರೆಂಟ್ ಬಿಲ್ಲಿನ ಮಾತಿನಲ್ಲಿ ಹೇಳಿ, ಬೇಗ ಒಪ್ಪುತ್ತಾರೆ. ಸೋರಿದ ಗಾಳಿಗೂ ಕಂಪ್ರೆಸರ್ ಓಡಲೇಬೇಕಲ್ವಾ?

ಏರ್ ಗನ್ ಇನ್ನೊಂದು ದೊಡ್ಡ ಶತ್ರು. ಕಾಸ್ಟಿಂಗಿನ ಸಂದಿಯಲ್ಲಿ ಕೂತ ಮರಳು ಊದಲು ಬರಿ ಪೈಪಿನ ತುದಿ ಹಿಡಿದು ಊದುತ್ತಾರೆ. ಅದರ ಸದ್ದು ಸುಲಭವಾಗಿ 100ರ ಹತ್ತಿರ ಹೋಗುತ್ತದೆ. ಸಣ್ಣ ಸಣ್ಣ ತೂತುಗಳಿರುವ ಸದ್ದು ಕಡಿಮೆ ಮಾಡುವ ನಾಝಲ್ ಸಿಗುತ್ತದೆ, ಅದನ್ನು ಹಾಕಿ. ರೆಗ್ಯುಲೇಟರ್‌ನಲ್ಲಿ ಒತ್ತಡ ಇಳಿಸಿ. ಎರಡೂ ಸೇರಿ ಹತ್ತು ಡೆಸಿಬಲ್‌ವರೆಗೂ ಇಳಿಸಬಹುದು. ಪಾಳಿ ಮುಗಿದ ಮೇಲೆ ಮೈಮೇಲಿನ ಧೂಳು ಊದಿಕೊಳ್ಳುವ ಅಭ್ಯಾಸ ಪೂರಾ ನಿಲ್ಲಬೇಕು. ಕಿವಿಗಷ್ಟೇ ಅಲ್ಲ, ಕಣ್ಣಿಗೂ ಶ್ವಾಸಕೋಶಕ್ಕೂ ಅದು ಅಪಾಯ.

ಕಾಸ್ಟಿಂಗನ್ನು ಬರಿ ಕಬ್ಬಿಣದ ಟೇಬಲ್ ಮೇಲೆ ಇಟ್ಟು ಚಿಪ್ಪಿಂಗ್ (ಉಳಿಯಿಂದ ಕೆತ್ತುವುದು) ಮಾಡಿದರೆ ಟೇಬಲ್ಲೂ ಸೇರಿ ಮೊಳಗುತ್ತದೆ. ಟೇಬಲ್ ಮೇಲೆ ದಪ್ಪ ಹಲಗೆ ಅಥವಾ ಹಳೆ ಕನ್ವೇಯರ್ ಬೆಲ್ಟಿನ ತುಂಡು ಹಾಸಿ. ಬೆಲ್ಟು ಗುಜರಿಯಲ್ಲಿ ಸಿಗುತ್ತದೆ. ಉದ್ದನೆಯ ಕಾಸ್ಟಿಂಗಿದ್ದರೆ ಮರಳು ತುಂಬಿದ ಟ್ರೇಯಲ್ಲಿ ಅರ್ಧ ಹೂತು ಕೆಲಸ ಮಾಡಿ. ಮೊಳಗು ಅಲ್ಲೇ ಸಾಯುತ್ತದೆ. ಒಂದೇ ಕಾಸ್ಟಿಂಗನ್ನು ಕಬ್ಬಿಣದ ಮೇಲೊಮ್ಮೆ, ಮರಳಿನಲ್ಲೊಮ್ಮೆ ಇಟ್ಟು ಹುಡುಗರ ಎದುರಿಗೇ ಸುತ್ತಿಗೆಯಿಂದ ಬಡಿದು ತೋರಿಸಿ. ಮತ್ತೆ ಭಾಷಣ ಬೇಕಾಗುವುದಿಲ್ಲ. ಸ್ಕ್ರ್ಯಾಪ್ ಡಬ್ಬಿಯ ಒಳಗೂ ಬೆಲ್ಟ್ ಹಾಸಿ, ರನ್ನರ್‌ಗಳನ್ನು ಎತ್ತರದಿಂದ ಎಸೆಯದೆ ಹತ್ತಿರದಿಂದ ಬಿಡಲು ಹೇಳಿ. ಬಿಸಿ ಕಾಸ್ಟಿಂಗ್ ಬೀಳುವ ಡಬ್ಬಿಗೆ ಮಾತ್ರ ರಬ್ಬರ್ ಬೇಡ, ಹೊಗೆ ಮತ್ತು ಬೆಂಕಿ.

ಗ್ರೈಂಡರ್‌ನಲ್ಲಿ ಡಿಸ್ಕ್ ಓರೆಯಾಗಿ ಸವೆದಿದೆಯಾ, ಗಾರ್ಡ್ ಅಲುಗಾಡುತ್ತಿದೆಯಾ, ಬೇರಿಂಗ್ ಕೂಗುತ್ತಿದೆಯಾ ನೋಡಿ. ಶಾಟ್ ಬ್ಲಾಸ್ಟಿಂಗ್ ಮಷಿನ್ (ಸಣ್ಣ ಲೋಹದ ಗುಂಡು ಹೊಡೆದು ಕಾಸ್ಟಿಂಗ್ ಚೊಕ್ಕ ಮಾಡುವುದು) ಬಾಗಿಲಿನ ರಬ್ಬರ್ ಸೀಲ್ ಹರಿದಿದ್ದರೆ ಬದಲಿಸಿ. ಅಲ್ಲಿಂದ ಸದ್ದಷ್ಟೇ ಅಲ್ಲ, ಧೂಳೂ ಶಾಟೂ ಹೊರಬರುತ್ತವೆ. ಕಂಪ್ರೆಸರನ್ನು ಮಂದಿ ನಿಲ್ಲುವ ಕಡೆಯಿಂದ ಎಬ್ಬಿಸಿ ಹೊರಗೆ ಇಟ್ಟಂಗಿ ಗೋಡೆಯ ಕೋಣೆಗೆ ಹಾಕಿ. ಗಾಳಿ ಹೋಗಿ ಬರುವ ಕಿಂಡಿ ಶೆಡ್ಡಿನ ಕಡೆಗೆ ತೆರೆದಿರಬಾರದು. ನಾಕೌಟನ್ನು (ಅಚ್ಚು ಒಡೆದು ಕಾಸ್ಟಿಂಗ್ ಹೊರತೆಗೆಯುವ ಕೆಲಸ) ಮಂದಿ ಕಡಿಮೆ ಇರುವ ಹೊತ್ತಿಗೆ ಇಟ್ಟುಕೊಳ್ಳಿ.

ಗೋಡೆಗೆ ಮೊಟ್ಟೆ ಟ್ರೇ, ಥರ್ಮೋಕೋಲ್ ಅಂಟಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಬೇಡ. ಸದ್ದು ಏನೂ ತಗ್ಗುವುದಿಲ್ಲ, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ತಗಡಿನ ಚಾವಣಿಯಲ್ಲಿ ಸದ್ದು ತಿರುಗಿ ಬಡಿಯುವುದನ್ನು ತಡೆಯಬೇಕಾದರೆ ಬೆಂಕಿ ಹಿಡಿಯದ ರಾಕ್‌ವೂಲ್ ಹಲಗೆಯನ್ನು ಜಾಲರಿ ಹಾಕಿ ಕಟ್ಟಿಸಿ. ಅದು ಮಷಿನ್ ಸರಿಮಾಡಿದ ಮೇಲಿನ ಮಾತು.

ಇನ್ನೊಂದು. ಪೇಂಟಿಂಗ್ ಬೂತಿನ ಥಿನ್ನರಿನಲ್ಲಿರುವ ಟೊಲೀನ್, ಝೈಲೀನ್, ಕುಲುಮೆಯ ಹತ್ತಿರದ ಕಾರ್ಬನ್ ಮಾನಾಕ್ಸೈಡ್ ಇವೂ ಕಿವಿ ಕೆಡಿಸುತ್ತವೆ. ಸದ್ದಿನ ಜೊತೆ ಸೇರಿದರೆ ಹಾನಿ ಇನ್ನೂ ಜಾಸ್ತಿ. ಆ ಜಾಗಗಳಲ್ಲಿ ಗಾಳಿಯಾಡುವುದು ಕಿವಿಗೂ ಬೇಕು.

ಮಗ್ಗದ ಮನೆಗಳಲ್ಲಿ

ವಡಗಾವಿ, ಖಾಸಬಾಗ, ಶಹಾಪುರ, ಅತ್ತ ರಬಕವಿ-ಬನಹಟ್ಟಿ ಕಡೆ ಮಗ್ಗ ಇರುವುದು ಎಷ್ಟೋ ಸಲ ಮನೆಯೊಳಗೇ. ಲಾಳಿ ಓಡುವ ಮಗ್ಗದ ಕೋಣೆಯಲ್ಲಿ ಸಾಮಾನ್ಯವಾಗಿ 95ರ ಮೇಲೆಯೇ ಇರುತ್ತದೆ. ಕಾರ್ಖಾನೆ ಇನ್‌ಸ್ಪೆಕ್ಟರ್ ಇಂಥ ಮನೆಗೆ ಬರುವುದಿಲ್ಲ. ಇಲ್ಲಿ ಮನೆಯವರೇ ನೋಡಿಕೊಳ್ಳಬೇಕು.

ಸದ್ದಿನ ದೊಡ್ಡ ಪಾಲು ಪಿಕರ್ ಲಾಳಿಗೆ ಹೊಡೆಯುವಾಗ ಮತ್ತು ಲಾಳಿ ಪೆಟ್ಟಿಗೆಯಲ್ಲಿ ಬಂದು ನಿಲ್ಲುವಾಗ ಹುಟ್ಟುತ್ತದೆ. ಅಲ್ಲಿನ ಬಫರ್ ಸವೆದು ಗಟ್ಟಿಯಾಗಿದ್ದರೆ ಹೊಸದು ಹಾಕಿ. ಪಿಕಿಂಗ್ ಹೊಡೆತ ಬೇಕಾದದ್ದಕ್ಕಿಂತ ಜೋರಿದ್ದರೆ ಜಾಬರ್ (ಮಗ್ಗ ರಿಪೇರಿ ಮಾಡುವವನು) ಕರೆಸಿ ಸರಿಮಾಡಿಸಿ, ಲಾಳಿಯ ಬಾಳಿಕೆಯೂ ಹೆಚ್ಚುತ್ತದೆ. ಮಗ್ಗದ ಕಾಲಿನ ಕೆಳಗೆ ರಬ್ಬರ್ ಪ್ಯಾಡ್ ಇಟ್ಟರೆ ಪಕ್ಕದ ಮನೆಗೆ ಹೋಗುವ ನಡುಕ ತಗ್ಗುತ್ತದೆ, ನೇಯುವವರ ಕಿವಿಗೆ ಬೀಳುವ ಸದ್ದು ಮಾತ್ರ ಅಷ್ಟೇನೂ ಇಳಿಯುವುದಿಲ್ಲ. ಮಗ್ಗದ ಕೋಣೆಗೆ ಸಂದಿಯಿಲ್ಲದೆ ಮುಚ್ಚುವ ದಪ್ಪ ಬಾಗಿಲು ಹಾಕಿಸಿ. ಕೂಸಿನ ತೊಟ್ಟಿಲು, ಮಕ್ಕಳು ಓದುವ ಜಾಗ, ವಯಸ್ಸಾದವರ ಹಾಸಿಗೆ ಆ ಕೋಣೆಯಲ್ಲಿ ಇರಬಾರದು. ಕಂಡಿಕೆ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುವ ಹೆಣ್ಣುಮಕ್ಕಳು ಇಡೀ ದಿನ ಅದೇ ಕೋಣೆಯಲ್ಲಿ ಕೂತಿರುತ್ತಾರೆ. ಪ್ಲಗ್ ತರುವಾಗ ಅವರನ್ನು ಎಲ್ಲರೂ ಮರೆಯುತ್ತಾರೆ. ಆ ಕೆಲಸವನ್ನು ಬೇರೆ ಕೋಣೆಗೆ ಸಾಗಿಸಲು ಆದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಪ್ಲಗ್ ಹಾಕುವ ಕ್ರಮ

ಹತ್ತಿ, ಬಟ್ಟೆ ಚೂರು, ಮೊಬೈಲ್ ಇಯರ್‌ಫೋನ್ ಇವು ರಕ್ಷಣೆ ಅಲ್ಲ. ಹತ್ತಿ ತಡೆಯುವ ಸದ್ದು ಬಹಳ ಕಡಿಮೆ. ಅದು ಇದೆ ಎಂಬ ಧೈರ್ಯದಲ್ಲಿ ಮನುಷ್ಯ ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತಾನೆ. ಸದ್ದಿನ ಮೇಲೆ ಹಾಡು ಕೇಳಲು ಇಯರ್‌ಫೋನಿನ ವಾಲ್ಯೂಮ್ ಏರಿಸಿದರೆ ಕಿವಿಗೆ ಎರಡು ಕಡೆಯಿಂದ ಪೆಟ್ಟು.

ಫೋಮ್ ಪ್ಲಗ್ ಅಗ್ಗ ಮತ್ತು ಒಳ್ಳೆಯದು, ಆದರೆ ಸರಿಯಾಗಿ ಹಾಕಬೇಕು. ಮೊದಲು ಕೈ ತೊಳೆಯಿರಿ. ಮರಳು, ಗ್ರಾಫೈಟ್ ಹತ್ತಿದ ಕೈಯಲ್ಲಿ ಹೊಸೆದರೆ ಅದೆಲ್ಲ ಕಿವಿಯೊಳಗೆ. ಪ್ಲಗನ್ನು ಎರಡು ಬೆರಳ ನಡುವೆ ಬತ್ತಿ ಹೊಸೆದ ಹಾಗೆ ಹೊಸೆದು, ಮಡಿಕೆ ಬೀಳದಂತೆ ತೆಳ್ಳಗೆ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗ ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ ಒಳಗೆ ಬಿಟ್ಟು ಬೆರಳ ತುದಿಯಿಂದ 20-30 ಸೆಕೆಂಡ್ ಒತ್ತಿ ಹಿಡಿಯಿರಿ. ಅದು ಒಳಗೇ ಅರಳಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ, ತುರುಕಿ ಕೂಡಲೇ ಕೈ ಬಿಡುತ್ತಾರೆ, ಪ್ಲಗ್ ಹೊರಗೆ ಜಾರಿ ಬರುತ್ತದೆ. ಎದುರಿಗೆ ನಿಂತು ನೋಡಿದಾಗ ಪ್ಲಗ್ ಕಿವಿಯಿಂದ ಎದ್ದು ಕಾಣುತ್ತಿದ್ದರೆ ಸರಿಯಾಗಿ ಕೂತಿಲ್ಲ. ಇನ್ನೊಂದು ಪರೀಕ್ಷೆ: ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ತೆಗೆಯಿರಿ. ಮುಚ್ಚಿದಾಗ ಸದ್ದು ಬಹಳ ಇಳಿದರೆ ಪ್ಲಗ್ ಕೆಲಸ ಮಾಡುತ್ತಿಲ್ಲ.

ಹೊಸೆದ ಪ್ಲಗ್ ಮತ್ತೆ ಅರಳದಿದ್ದರೆ, ಗಟ್ಟಿಯಾಗಿದ್ದರೆ ಎಸೆಯಿರಿ. ಕಿವಿ ಸೋರುತ್ತಿದ್ದರೆ ಪ್ಲಗ್ ಬೇಡ, ಡಾಕ್ಟರಿಗೆ ತೋರಿಸುವವರೆಗೆ ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್ ಕೊಡಿ. ಮಫ್ ಹಾಕುವವರು ಕನ್ನಡಕದ ಕಡ್ಡಿ, ಟೋಪಿ, ಟವೆಲ್ ಯಾವುದೂ ಅದರ ಕುಶನ್ ಕೆಳಗೆ ಸಿಗದಂತೆ ನೋಡಿಕೊಳ್ಳಬೇಕು. ಸಣ್ಣ ಸಂದಿ ಸಾಕು, ಸದ್ದು ಒಳಗೆ ಬರಲು. ಏಪ್ರಿಲ್-ಮೇ ಬಿಸಿಲಲ್ಲಿ ಮಫ್ ಒಳಗೆ ಬೆವರು ಇಳಿಯುತ್ತದೆ, ಆಗ ಪ್ಲಗ್ಗೇ ವಾಸಿ. ಬರುತ್ತಾ ಹೋಗುತ್ತಾ ಇರುವವರಿಗೆ ಮಫ್ ಸುಲಭ.

ಪೊಟ್ಟಣದ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ಡೆಸಿಬಲ್ ಇಳಿಸುತ್ತದೆ ಎಂಬ ಅಂಕಿ) 29 ಎಂದು ಬರೆದಿದ್ದರೆ 29 ಇಳಿಯಿತು ಎಂದು ನಂಬಬೇಡಿ. ಅದರಲ್ಲಿ 7 ಕಳೆದು ಅರ್ಧ ಮಾಡಿ, 11 ಸಿಗುತ್ತದೆ. ಶೆಡ್ಡಿನಲ್ಲಿ ನಂಬಬಹುದಾದ ಲೆಕ್ಕ ಅದು. ಹಾಗೆಂದು ಬೇಕಾದದ್ದಕ್ಕಿಂತ ದಪ್ಪ ರಕ್ಷಣೆಯೂ ಒಳ್ಳೆಯದಲ್ಲ. ಕ್ರೇನಿನ ಸೈರನ್, "ಸರಿ ಸರಿ" (ಪಕ್ಕಕ್ಕೆ ಸರಿಯಿರಿ) ಎಂಬ ಕೂಗು ಕೇಳದೆ ಹೋಗಬಾರದು. ಕ್ರೇನಿಗೆ ಸೈರನ್ ಜೊತೆ ತಿರುಗುವ ದೀಪ ಹಾಕಿಸಿ, ಕೈಸನ್ನೆಗಳನ್ನು ಎಲ್ಲರಿಗೂ ಕಲಿಸಿ.

ಮುಖ್ಯ ಮಾತು, ಪೂರ್ತಿ ಪಾಳಿ ಹಾಕಿರಬೇಕು. 30 ಡೆಸಿಬಲ್ ತಡೆಯುವ ಪ್ಲಗನ್ನು ಎಂಟು ತಾಸಿನಲ್ಲಿ ಬರೀ ಅರ್ಧ ತಾಸು ತೆಗೆದಿಟ್ಟರೆ ಒಟ್ಟು ಲಾಭ 12ಕ್ಕೆ ಇಳಿಯುತ್ತದೆ. ಅರ್ಧ ಪಾಳಿ ತೆಗೆದರೆ ಬರೀ 3. ಹಾಗಾಗಿ ಮಾತಾಡಲು, ಫೋನ್ ಎತ್ತಲು, ಚಹಾ ಕುಡಿಯಲು ಕೆಂಪು ಗೆರೆಯಿಂದ ಹೊರಗೆ ಬಂದು ಆಮೇಲೆ ಪ್ಲಗ್ ತೆಗೆಯಿರಿ. "ಕಿವ್ಯಾಗ ಹಾಕ್ಕೊಂಡ್ರ ತಲಿ ಭಾರ ಆಗತದ್ರಿ" ಎನ್ನುವ ಹುಡುಗನಿಗೆ ಬೈಯಬೇಡಿ. ಬೇರೆ ಅಳತೆಯದು, ಬೇರೆ ನಮೂನೆಯದು ಕೊಟ್ಟು ನೋಡಿ. ಎಲ್ಲರ ಕಿವಿಯ ತೂತು ಒಂದೇ ಅಳತೆಯದಲ್ಲ. ಒಬ್ಬನದೇ ಎರಡು ಕಿವಿ ಬೇರೆ ಬೇರೆ ಇರಬಹುದು.

ಕಿವಿಗೆ ಫೌಂಡ್ರಿ ಸದ್ದು, ಹಬ್ಬದ ಸದ್ದು ಎಂದು ಬೇರೆ ಲೆಕ್ಕ ಇಲ್ಲ. ಬೆಳಗಾವಿಯ ಗಣಪತಿ ವಿಸರ್ಜನೆ ನಮಗೆಲ್ಲ ದೊಡ್ಡ ಸಂಭ್ರಮ. ಪಾಳಿ ಮುಗಿಸಿದ ಹುಡುಗರು ರಾತ್ರಿಯಿಡೀ ಡಾಲ್ಬಿ ಪೆಟ್ಟಿಗೆಯ ಮುಂದೆ ಕುಣಿಯುತ್ತಾರೆ. ಕುಣಿಯಲಿ. ಅದೇ ಪ್ಲಗನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಪೆಟ್ಟಿಗೆಯಿಂದ ದೂರ ನಿಂತು ಕುಣಿಯಲಿ.

ಆಡಿಯೋಗ್ರಾಮ್ ಮತ್ತು ಕಾಯ್ದೆ

ಕೆಲಸಕ್ಕೆ ಸೇರಿದಾಗಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಮುಂಚೆ ಕನಿಷ್ಠ 14 ತಾಸು ಸದ್ದಿನಿಂದ ದೂರ ಇರಬೇಕು. ಪಾಳಿ ಮುಗಿಸಿ ನೇರವಾಗಿ ಹೋದರೆ ಪರೀಕ್ಷೆಯ ಚಾರ್ಟು, ಅಂದರೆ ಆಡಿಯೋಗ್ರಾಮ್, ಸುಳ್ಳು ಹೇಳುತ್ತದೆ. ಚಾರ್ಟಿನಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು ಇರುತ್ತದೆ. 25 ಡೆಸಿಬಲ್ ಒಳಗಿದ್ದರೆ ಸಾಮಾನ್ಯ. ಗೆರೆ 4000 ಹರ್ಟ್ಜ್ ಹತ್ತಿರ ಕೆಳಗೆ ಕುಸಿದು 8000ದಲ್ಲಿ ಮತ್ತೆ ಮೇಲೇರಿದ್ದರೆ, ಆ ಕುಳಿಗೆ ಸದ್ದು ಕಾರಣ ಎಂಬ ಬಲವಾದ ಸೂಚನೆ. 2000, 3000, 4000 ಈ ಮೂರರ ಸರಾಸರಿ ಮೊದಲ ಚಾರ್ಟಿಗಿಂತ 10 ಡೆಸಿಬಲ್ ಕೆಳಗಿಳಿದಿದ್ದರೆ ಆ ಮನುಷ್ಯನ ಜಾಗ, ಪ್ಲಗ್ ಎರಡನ್ನೂ ತಕ್ಷಣ ಮತ್ತೆ ನೋಡಬೇಕು.

ಚಾರ್ಟಿನ ಒಂದು ಪ್ರತಿ ಕೆಲಸಗಾರನ ಕೈಗೇ ಕೊಡಿ. ನಮ್ಮಲ್ಲಿ ಖಾನಾಪುರ, ಬೈಲಹೊಂಗಲ ಕಡೆಯವರಿದ್ದಾರೆ, ಬಿಹಾರ, ಒಡಿಶಾದವರೂ ಇದ್ದಾರೆ. ಕಂತ್ರಾಟುದಾರ ಬದಲಾದರೆ ಫೈಲು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರುವುದಿಲ್ಲ. ಆಧಾರ್ ಕಾರ್ಡ್ ಇಟ್ಟ ಕಡೆಯೇ ಈ ಚಾರ್ಟೂ ಇರಬೇಕು.

ಸದ್ದಿನಿಂದ ಬರುವ ಕಿವುಡು ಕಾರ್ಖಾನೆ ಕಾಯ್ದೆಯ ಮೂರನೇ ಪಟ್ಟಿಯಲ್ಲಿತ್ತು; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆ ಸಂಹಿತೆಯ ಮೂರನೇ ಪಟ್ಟಿಯಲ್ಲೂ ಇದೆ. ಅದು ಕಂಡರೆ ಇಲಾಖೆಗೆ ತಿಳಿಸಲೇಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೂ ಇತ್ತು; ಈಗ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇದ್ದು ಇಎಸ್‌ಐ ಕಟ್ಟುತ್ತಿರುವವರು ವೈದ್ಯಕೀಯ ಮಂಡಳಿಯ ಮುಂದೆ ಹೋಗಿ ಪರಿಹಾರ ಕೇಳಬಹುದು. ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ದಾರಿ ಇತ್ತು, ಈಗ ಆ ದಾರಿಯೂ ಇದೇ ಸಂಹಿತೆಯಲ್ಲಿದೆ. ಎರಡಕ್ಕೂ ಬೇಕಾದದ್ದು ಆ ಕೆಲಸದಲ್ಲಿ ಕನಿಷ್ಠ ಆರು ತಿಂಗಳು ಇದ್ದದ್ದಕ್ಕೆ ದಾಖಲೆ ಮತ್ತು ಹಳೆಯ ಚಾರ್ಟುಗಳು. ಹಾಜರಿ ಕಾರ್ಡು, ಪಗಾರ ಚೀಟಿ ಎಸೆಯಬೇಡಿ.

ಕಡೆಯದಾಗಿ ತುರ್ತಿನ ಮಾತು. ಹೋಸ್ ಸಿಡಿದು, ಸಿಲಿಂಡರ್ ಒಡೆದು ಒಂದೇ ಸದ್ದಿಗೆ ಕಿವಿ ಮುಚ್ಚಿಹೋದರೆ, ಅಥವಾ ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೇ ಹೋದರೆ, ನಾಳೆ ನೋಡೋಣ ಎನ್ನಬೇಡಿ. ಮನೆಯಲ್ಲಿ ಎಣ್ಣೆ ಕಾಯಿಸಿ ಬಿಡಬೇಡಿ. ಅದೇ ದಿನ ಬಿಮ್ಸ್, ಕೆಎಲ್‌ಇ ಅಥವಾ ಇಎಸ್‌ಐ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕರೆದುಕೊಂಡು ಹೋಗಿ. ಇಂಥದ್ದಕ್ಕೆ ಔಷಧಿ ಮೊದಲ ಕೆಲವು ದಿನಗಳಲ್ಲೇ ಶುರುವಾದರೆ ಫಲ ಜಾಸ್ತಿ. ಹೋಗುವಾಗ ಹಳೆಯ ಚಾರ್ಟು ಜೊತೆಗಿರಲಿ, ಸದ್ದು ಆದ ಹೊತ್ತು ಬರೆದುಕೊಂಡು ಹೋಗಿ.